ವಿಆರ್ ಬಂದರೆ ಅಣಕು ಕಾರ್ಯಾಚರಣೆ ಬೇಡವೇ?

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಉಪನ್ಯಾಸಕಿ. ನಮ್ಮ ವಿದ್ಯಾರ್ಥಿಗಳ ಜೊತೆಗೆ ಸುತ್ತಲಿನ ಆಂಬುಲೆನ್ಸ್ ಸಿಬ್ಬಂದಿಗೂ ವಿಪತ್ತಿನ ಸಮಯದ ತುರ್ತು ಚಿಕಿತ್ಸೆಯ ತರಬೇತಿ ಕೊಡುತ್ತೇವೆ. ಈಚೆಗೆ ಒಂದು ಕಂಪನಿಯವರು ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ ತಂದು ತೋರಿಸಿದರು. ತಲೆಗೆ ಹಾಕಿಕೊಂಡರೆ ಬಾಂಬ್ ಸಿಡಿದ ರೈಲು ನಿಲ್ದಾಣದ ನಡುವೆ ನಿಂತಂತಾಗುತ್ತದೆ. ಆಡಳಿತ ಮಂಡಳಿಗೆ ಬಹಳ ಹಿಡಿಸಿದೆ. ವರ್ಷಕ್ಕೊಮ್ಮೆ ನಡೆಸುವ ಅಣಕು ಕಾರ್ಯಾಚರಣೆಗೆ ಖರ್ಚು, ಓಡಾಟ, ಅನುಮತಿ ಎಲ್ಲವೂ ಬೇಕು. ಅದನ್ನು ಬಿಟ್ಟು ಇದನ್ನೇ ತೆಗೆದುಕೊಳ್ಳೋಣ ಎನ್ನುತ್ತಿದ್ದಾರೆ. ಇದರಿಂದ ನಿಜವಾಗಿ ಕಲಿಕೆಯಾಗುತ್ತದೆಯೇ? ಅಣಕು ಕಾರ್ಯಾಚರಣೆ ನಿಲ್ಲಿಸಬಹುದೇ? ಕೊಳ್ಳುವ ಮುನ್ನ ಏನೇನು ನೋಡಬೇಕು?

ಉತ್ತರ: ಹೆಡ್‌ಸೆಟ್ ಕೊಳ್ಳಿ, ಅಣಕು ಕಾರ್ಯಾಚರಣೆಯನ್ನು ಮಾತ್ರ ನಿಲ್ಲಿಸಬೇಡಿ. ವಿಆರ್‌ನಿಂದ ತೀರ್ಮಾನ ಮಾಡುವ ಅಭ್ಯಾಸ ಬರುತ್ತದೆ. ಕೈಕೆಲಸವಾಗಲಿ, ಪೊಲೀಸರು, ಅಗ್ನಿಶಾಮಕ ದಳ, ಆಸ್ಪತ್ರೆಯವರು ಎಲ್ಲರೊಂದಿಗೆ ಹೊಂದಿಕೊಂಡು ದುಡಿಯುವ ರೀತಿಯಾಗಲಿ ಅದರಿಂದ ಬರುವುದಿಲ್ಲ. ಆಡಳಿತ ಮಂಡಳಿಯ ಮುಂದೆ ಈ ಗೆರೆಯನ್ನು ಮೊದಲೇ ಸ್ಪಷ್ಟವಾಗಿ ಎಳೆದುಬಿಡಿ.

ಹಲವರು ಒಟ್ಟಿಗೆ ಗಾಯಗೊಂಡ ಜಾಗಕ್ಕೆ ಮೊದಲು ತಲುಪಿದವರು ಎಡವುವುದು ಎಲ್ಲಿ? ಬ್ಯಾಂಡೇಜ್ ಕಟ್ಟುವುದರಲ್ಲಿ ಅಲ್ಲ, ಅದು ಅವರು ದಿನವೂ ಮಾಡುವ ಕೆಲಸ. ಎಡವುವುದು ಮೊದಲ ಐದು ನಿಮಿಷಗಳ ತೀರ್ಮಾನಗಳಲ್ಲಿ. ಗಾಯಾಳು ಒಬ್ಬನೇ ಆಗಿದ್ದರೆ ಅವನ ಪಕ್ಕದಲ್ಲಿ ಕುಳಿತು, ಅವನನ್ನು ಆಸ್ಪತ್ರೆಗೆ ಒಪ್ಪಿಸುವವರೆಗೆ ಕೈಬಿಡದಿರುವುದೇ ಒಳ್ಳೆಯ ಸಿಬ್ಬಂದಿಯ ಲಕ್ಷಣ. ಹದಿನೈದು ಜನ ಬಿದ್ದಿರುವಾಗ ಅದೇ ಒಳ್ಳೆಯ ಅಭ್ಯಾಸ ಜೀವ ತೆಗೆಯುತ್ತದೆ. ಮೊದಲು ಕಣ್ಣಿಗೆ ಬಿದ್ದವನ ಬಳಿ, ಇಲ್ಲವೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿರುವವನ ಬಳಿ ಮಂಡಿಯೂರಿ ಕುಳಿತುಬಿಟ್ಟರೆ, ಆಚೆ ಸದ್ದಿಲ್ಲದೆ ಬಿದ್ದಿರುವವನು ನಾಲಿಗೆ ಹಿಂದಕ್ಕೆ ಜಾರಿ ಉಸಿರುಕಟ್ಟಿ ಸಾಯುತ್ತಾನೆ. ಅವನಿಗೆ ಬೇಕಾಗಿದ್ದದ್ದು ಗದ್ದ ಎತ್ತಿ ಶ್ವಾಸಮಾರ್ಗ ತೆರೆಯುವ ಕೆಲವೇ ಸೆಕೆಂಡುಗಳು.

ಇದಕ್ಕಾಗಿಯೇ 1983ರಲ್ಲಿ ಕ್ಯಾಲಿಫೋರ್ನಿಯಾದ ಹೋಗ್ ಆಸ್ಪತ್ರೆಯವರೂ ನ್ಯೂಪೋರ್ಟ್ ಬೀಚ್ ಅಗ್ನಿಶಾಮಕ ದಳದವರೂ ಸೇರಿ ಸ್ಟಾರ್ಟ್ ಎಂಬ ಟ್ರಯಾಜ್ ಪದ್ಧತಿಯನ್ನು, ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಎಂದು ಗಾಯಾಳುಗಳನ್ನು ವಿಂಗಡಿಸುವ ಕ್ರಮವನ್ನು, ರೂಪಿಸಿದರು. ನೀವು ಪಾಠದಲ್ಲಿ ಹೇಳಿಯೇ ಇರುತ್ತೀರಿ. ಉಳಿದ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. ಕೆಂಪು ಎಂದರೆ ತಕ್ಷಣ ಚಿಕಿತ್ಸೆ ಬೇಕಾದವರು, ಹಳದಿ ಎಂದರೆ ಸ್ವಲ್ಪ ಕಾಯಬಲ್ಲವರು, ಹಸಿರು ಎಂದರೆ ಸಣ್ಣ ಪೆಟ್ಟಿನವರು, ಕಪ್ಪು ಎಂದರೆ ಬದುಕುಳಿಯುವ ಭರವಸೆ ಇಲ್ಲದವರು. ನಡೆಯಬಲ್ಲವರನ್ನೆಲ್ಲ ಕೂಗಿ ಕರೆದು ಒಂದು ಕಡೆ ಕೂರಿಸಬೇಕು. ಅವರಿಗೆ ಹಸಿರು ಪಟ್ಟಿ. ಉಳಿದವರ ಬಳಿಗೆ ಒಬ್ಬೊಬ್ಬರಾಗಿ ಹೋಗಿ ಮೊದಲು ಉಸಿರು ನೋಡಬೇಕು. ಉಸಿರಿಲ್ಲದಿದ್ದರೆ ಶ್ವಾಸಮಾರ್ಗ ತೆರೆಯಬೇಕು. ಆಗ ಉಸಿರು ಬಂದರೆ ಕೆಂಪು, ಬರದಿದ್ದರೆ ಕಪ್ಪು. ಉಸಿರಾಟ ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ ಕೆಂಪು. ಅಷ್ಟಿಲ್ಲದಿದ್ದರೆ ಮಣಿಕಟ್ಟಿನ ನಾಡಿ ನೋಡಬೇಕು, ಸಿಗದಿದ್ದರೆ ಕೆಂಪು. ಸಿಕ್ಕರೆ ‘ನನ್ನ ಕೈ ಹಿಸುಕಿ’ ಎಂಬಂಥ ಸರಳ ಸೂಚನೆ ಕೊಡಬೇಕು. ಪಾಲಿಸದವರಿಗೆ ಕೆಂಪು, ಪಾಲಿಸಿದವರಿಗೆ ಹಳದಿ. ಒಬ್ಬರಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಈ ಸುತ್ತಿನಲ್ಲಿ ಶ್ವಾಸಮಾರ್ಗ ತೆರೆಯುವುದು, ಧಾರಾಕಾರವಾಗಿ ಹರಿಯುವ ರಕ್ತ ನಿಲ್ಲಿಸುವುದು, ಇವೆರಡನ್ನು ಬಿಟ್ಟು ಬೇರೆ ಚಿಕಿತ್ಸೆಯಿಲ್ಲ.

ಕಪ್ಪುಹಲಗೆಯ ಮೇಲೆ ಇದನ್ನು ಕಲಿಯಲು ಅರ್ಧ ಗಂಟೆ ಸಾಕು. ಮಾಡಿ ತೋರಿಸುವುದು ಬೇರೆಯೇ ಮಾತು. ನಿಮ್ಮ ವಿದ್ಯಾರ್ಥಿನಿ ತನ್ನ ವಯಸ್ಸಿನ ಹುಡುಗಿಯೊಬ್ಬಳ ಗದ್ದ ಎತ್ತುತ್ತಾಳೆ, ಉಸಿರು ಬರುವುದಿಲ್ಲ. ಆಗ ಅವಳ ಕೈಗೆ ಕಪ್ಪು ಪಟ್ಟಿ ಕಟ್ಟಿ, ಎದ್ದು, ಮುಂದಿನವರ ಬಳಿಗೆ ಹೋಗಬೇಕು. ಎದೆ ಒತ್ತಲು ಆರಂಭಿಸಬಾರದು. ಹೀಗೆ ಏಳುವುದು ಮನಸ್ಸಿಗೆ ವಿರುದ್ಧವಾದ ಕೆಲಸ. ಓದಿನಿಂದ ಬರುವುದಿಲ್ಲ, ಮಾಡಿ ಮಾಡಿಯೇ ಬರಬೇಕು. ಅಣಕು ಕಾರ್ಯಾಚರಣೆಯಲ್ಲಿ ಆ ಅವಕಾಶ ಎಷ್ಟು ಜನರಿಗೆ ಸಿಗುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ಇಡೀ ಬ್ಯಾಚಿನಲ್ಲಿ ಇಬ್ಬರೋ ಮೂವರೋ ಟ್ರಯಾಜ್ ಮಾಡುತ್ತಾರೆ. ಉಳಿದವರು ಸ್ಟ್ರೆಚರ್ ಹೊರುತ್ತಾರೆ, ಇಲ್ಲವೇ ಕೆಂಪು ಬಣ್ಣ ಬಳಿದುಕೊಂಡು ಗಾಯಾಳುಗಳಾಗಿ ಮಲಗಿರುತ್ತಾರೆ. ಮುಂದಿನ ಸರದಿ ಬರುವುದು ಒಂದು ವರ್ಷದ ನಂತರ. ವಿಆರ್‌ನಲ್ಲಿ ಪ್ರತಿಯೊಬ್ಬರೂ ಮೊದಲು ತಲುಪಿದವರೇ ಆಗುತ್ತಾರೆ, ತಿಂಗಳಿಗೆ ಎರಡು ಸಲ ಬೇಕಾದರೂ ಆಗುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಯಂತ್ರಕ್ಕೆ ಹಣ ಹಾಕಲು ಇದೊಂದೇ ಕಾರಣ ಸಾಕು.

ಗಾಯಾಳುಗಳ ವಿವರ ಬರೆದ ಕಾರ್ಡುಗಳನ್ನು ಹಂಚಿ ಮೇಜಿನ ಮೇಲೆ ಮಾಡಿಸುವ ಅಭ್ಯಾಸವೂ ಇದೆಯಲ್ಲ, ಅದು ಸಾಲದೇ ಎಂದು ಕೇಳಬಹುದು. ಆರಂಭಕ್ಕೆ ಸಾಕು, ಅದನ್ನು ಮಾಡಿಸಿ. ಆದರೆ ಕಾರ್ಡಿನ ಮೇಲೆ ‘ಉಸಿರಾಟ 34’ ಎಂದು ಅಚ್ಚಾಗಿಯೇ ಇರುತ್ತದೆ. ನಿಜವಾದ ಜಾಗದಲ್ಲಿ ಆ 34ನ್ನು ನಾವೇ ಹುಡುಕಬೇಕು: ಶಾಲು ಹೊದ್ದ ಎದೆಯ ಏರಿಳಿತವನ್ನು ಮಬ್ಬುಗತ್ತಲಲ್ಲಿ, ಹಾರ್ನ್ ಸದ್ದಿನ ನಡುವೆ, ಯಾರೋ ಭುಜ ಹಿಡಿದು ಎಳೆಯುತ್ತಿರುವಾಗ ಎಣಿಸಬೇಕು. ಉರುಳಿದ ಬಸ್ಸಿನ ಹಿಂದೆ ಬಿದ್ದಿರುವವನು ಕಾರ್ಡುಗಳ ಕಟ್ಟಿನಲ್ಲಿ ಇರುತ್ತಾನೆ. ಜಾಗದಲ್ಲಿ ಅವನನ್ನು ಕಾಣಲು ಬಸ್ಸನ್ನು ಸುತ್ತಿ ಬರಬೇಕು. ವಿಆರ್ ಈ ಹುಡುಕಾಟವನ್ನು ಮಾಡಿಸುತ್ತದೆ.

ಸಂಶೋಧನೆ ಏನು ಹೇಳುತ್ತದೆ? ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತುರ್ತು ಚಿಕಿತ್ಸೆ ಕಲಿಯುತ್ತಿದ್ದ ಕಿರಿಯ ವೈದ್ಯರ ಒಂದು ಗುಂಪಿಗೆ ವಿಆರ್‌ನಲ್ಲೂ ಇನ್ನೊಂದು ಗುಂಪಿಗೆ ಗಾಯಾಳುಗಳಂತೆ ನಟಿಸುವವರನ್ನು ಇಟ್ಟುಕೊಂಡೂ ಸ್ಟಾರ್ಟ್ ಟ್ರಯಾಜ್ ಮಾಡಿಸಿದರು. ವಿಆರ್ ತರಬೇತಿ ಅಣಕು ಕಾರ್ಯಾಚರಣೆಗೆ ಹೆಗಲೆಣೆಯಾಗಿ ನಿಲ್ಲಬಲ್ಲದು ಎಂಬುದು ಅವರ ತೀರ್ಮಾನ. ಆಸ್ಟ್ರೇಲಿಯಾದಲ್ಲಿ ಪ್ಯಾರಾಮೆಡಿಕ್ ವಿದ್ಯಾರ್ಥಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಕಂಡಿತು; ಖರ್ಚಿನಲ್ಲಿ ಮಾತ್ರ ವಿಆರ್ ಬಹಳ ಅಗ್ಗವಾಗಿತ್ತು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಸುರಂಗ ರೈಲು ನಿಲ್ದಾಣದಲ್ಲಿ ಬಾಂಬ್ ಸಿಡಿಯುವ ದೃಶ್ಯವನ್ನೇ ವಿಆರ್‌ನಲ್ಲಿ ಕಟ್ಟಿದ್ದಾರೆ. ಯುರೋಪ್ ಒಕ್ಕೂಟದ ನೆರವಿನಿಂದ 2021ರಲ್ಲಿ ಆರಂಭವಾದ ಒಂದು ಯೋಜನೆಯಲ್ಲಿ, ಹೆಡ್‌ಸೆಟ್‌ನಲ್ಲಿ ಕಾಣುವ ಗಾಯಾಳು ಇರುವ ಜಾಗದಲ್ಲೇ ನಿಜವಾದ ಬೊಂಬೆಯನ್ನು ಮಲಗಿಸಿ, ಮುಟ್ಟಿದರೆ ಕೈಗೆ ಮೈ ಸಿಗುವ ಹಾಗೆ ಮಾಡಿದರು. ಕಲಿಯುವವರ ಹೃದಯಬಡಿತ ಅಳೆದು ಅವರ ಒತ್ತಡವನ್ನೂ ಗಮನಿಸಿದರು. ನಮ್ಮಲ್ಲೂ ಧನಬಾದ್‌ನ ಐಐಟಿಯಲ್ಲಿ ಗಣಿ ಸುರಕ್ಷತೆಯನ್ನು ವಿಆರ್ ಮೂಲಕ ಕಲಿಸುವ ಸೌಲಭ್ಯವಿದೆ.

ಆದರೆ ಈ ಅಧ್ಯಯನಗಳು ಹೆಚ್ಚಿನವು ಸಣ್ಣ ಗುಂಪುಗಳ ಮೇಲೆ ನಡೆದವು. ಅಳೆದದ್ದು ಪರೀಕ್ಷೆಯಲ್ಲಿ ಸರಿಯಾದ ಬಣ್ಣ ಕೊಟ್ಟರೇ ಎಂಬುದನ್ನು. ವಿಆರ್‌ನಲ್ಲಿ ಕಲಿತವರು ರಸ್ತೆಯ ಮೇಲೆ ಹೆಚ್ಚು ಜೀವ ಉಳಿಸಿದರು ಎಂದು ಸಾಧಿಸಿ ತೋರಿಸಿದ ಅಧ್ಯಯನವಲ್ಲ ಅವು. ಕಂಪನಿಯ ಕೈಪಿಡಿಯಲ್ಲಿ ಕಲಿಕೆ ಇಷ್ಟು ಪಟ್ಟು ಹೆಚ್ಚುತ್ತದೆ ಎಂಬ ಸಾಲು ಕಂಡರೆ, ಯಾರನ್ನು, ಯಾವುದರೊಂದಿಗೆ ಹೋಲಿಸಿ, ಎಷ್ಟು ತಿಂಗಳ ಬಳಿಕ ಅಳೆದಿರಿ ಎಂದು ಕೇಳಿ.

ಇನ್ನು ನಿಮಗೆ ತೋರಿಸಿದ ದೃಶ್ಯದ ಮಾತು. ಪರದೇಶದ ರೈಲು ನಿಲ್ದಾಣ ನಿಮ್ಮ ವಿದ್ಯಾರ್ಥಿಗಳಿಗೆ ಯಾಕೆ? ಚಿಕ್ಕಬಳ್ಳಾಪುರಕ್ಕೆ ತನ್ನದೇ ಅಪಾಯಗಳಿವೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಕಲ್ಲು ಸಿಡಿಸುವ ಜಿಲೆಟಿನ್ ಕಡ್ಡಿಗಳು ಸ್ಫೋಟಿಸಿ ಆರು ಮಂದಿ ಸತ್ತರು. 2023ರ ಅಕ್ಟೋಬರ್ 26ರಂದು ನಗರದ ಹೊರವಲಯದಲ್ಲಿ ರಾಷ್ಟ್ರೀಯ ಹೆದ್ದಾರಿ 44ರ ಮೇಲೆ ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೊ ಗುದ್ದಿ ಹದಿಮೂರು ಜನ ಪ್ರಾಣ ಬಿಟ್ಟರು. 2019ರ ಜನವರಿಯಲ್ಲಿ ಚಿಂತಾಮಣಿಯಲ್ಲಿ ದೇವಸ್ಥಾನದ ಬಳಿ ಪ್ರಸಾದ ತಿಂದವರು ಅಸ್ವಸ್ಥರಾಗಿ ಸಾವುಗಳಾದವು. ಪಕ್ಕದ ತುಮಕೂರು ಜಿಲ್ಲೆಯಲ್ಲಿ 2022ರ ಮಾರ್ಚ್‌ನಲ್ಲಿ ಪಾವಗಡದ ಪಳವಳ್ಳಿ ಕಟ್ಟೆಯ ಬಳಿ ತುಂಬಿ ತುಳುಕುತ್ತಿದ್ದ ಖಾಸಗಿ ಬಸ್ ಉರುಳಿತು. ಅದೇ ವರ್ಷ ಆಗಸ್ಟ್‌ನಲ್ಲಿ ಶಿರಾ ಬಳಿ ಕೂಲಿಗೆ ಹೊರಟಿದ್ದವರ ವಾಹನಕ್ಕೂ ಲಾರಿಗೂ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ನಿಮ್ಮ ಮಕ್ಕಳು ನಾಳೆ ಕೆಲಸಕ್ಕೆ ಸೇರಿದರೆ ಎದುರಿಸುವುದು ಇಂಥವನ್ನೇ. ಮಂಜು ಕವಿದ ಹೆದ್ದಾರಿ, ಕಲ್ಲು ಕ್ವಾರಿ, ಮೇಲೂ ಜನ ಕುಳಿತ ಬಸ್ಸು, ಜಾತ್ರೆಯ ಊಟದ ಸಾಲು.

ಕ್ವಾರಿಯ ದೃಶ್ಯವೊಂದನ್ನು ಹೇಗೆ ಕಟ್ಟಬೇಕು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕಲಿಕೆಯ ಸತ್ವ ಇರುವುದು ಇಂಥ ವಿವರಗಳಲ್ಲೇ.

ವಿದ್ಯಾರ್ಥಿನಿ ಆಂಬುಲೆನ್ಸ್‌ನ ಮುಂದಿನ ಸೀಟಿನಲ್ಲಿದ್ದಾಳೆ. ಎದುರಿಗೆ ಬಿಳಿ ಧೂಳು. ಪೈಲಟ್, ಅಂದರೆ ಆಂಬುಲೆನ್ಸ್ ಚಾಲಕ, ‘ಒಳಗೆ ಹೋಗಲೇ?’ ಎಂದು ಕೇಳುತ್ತಾರೆ. ಮೊದಲ ತೀರ್ಮಾನ ಅಲ್ಲೇ. ಹೋಗಬಾರದು, ಸಿಡಿಯದೆ ಉಳಿದ ಕಡ್ಡಿಗಳು ಒಳಗೆ ಇರಬಹುದು. ಸ್ಫೋಟಕವನ್ನು ಸಿಡಿಸುವ ವಿದ್ಯುತ್ ಡಿಟೋನೇಟರ್‌ಗಳಿಗೆ ರೇಡಿಯೊ ತರಂಗವೂ ಅಪಾಯಕಾರಿಯಾದ್ದರಿಂದ ಹತ್ತಿರ ಹೋಗಿ ವಾಕಿಟಾಕಿ ಒತ್ತುವುದಾಗಲಿ, ಮೊಬೈಲ್‌ನಲ್ಲಿ ಮಾತಾಡುವುದಾಗಲಿ ಸಲ್ಲದು. ದೂರದಲ್ಲೇ ನಿಂತು, ಏನಾಗಿದೆ, ಎಷ್ಟು ಜನ ಇರಬಹುದು, ಯಾವ ದಾರಿಯಿಂದ ಬರಬೇಕು, ಇನ್ನೂ ಯಾರು ಬೇಕು ಎಂದು ನಿಯಂತ್ರಣ ಕೊಠಡಿಗೆ ತಿಳಿಸಬೇಕು. ಮೇಸ್ತ್ರಿಯನ್ನು ಹುಡುಕಿ ಕೆಲಸದಲ್ಲಿ ಎಷ್ಟು ಮಂದಿ ಇದ್ದರು ಎಂದು ಕೇಳಬೇಕು. ಈ ಪ್ರಶ್ನೆ ಕೇಳುವುದನ್ನು ಮರೆತವರಿಗೆ ದೃಶ್ಯದ ಕೊನೆಯಲ್ಲಿ ಕಲ್ಲುರಾಶಿಯ ಹಿಂದಿನ ಒಬ್ಬ ಗಾಯಾಳು ಸಿಗದೆಯೇ ಉಳಿಯುವಂತೆ ಮಾಡಿ.

ಪೊಲೀಸರು ಜಾಗ ಸುರಕ್ಷಿತ ಎಂದ ಮೇಲೆ ಅವಳು ಒಳಗೆ ಹೋಗಿ ‘ನಡೆಯಬಲ್ಲವರು ಇತ್ತ ಬನ್ನಿ’ ಎಂದು ಕೂಗುತ್ತಾಳೆ. ಯಾರೂ ಏಳುವುದಿಲ್ಲ. ಯಾಕೆ? ಸ್ಫೋಟದ ಒತ್ತಡಕ್ಕೆ ಕಿವಿಯ ತಮಟೆ ಹರಿದಿದೆ, ಅವರಿಗೆ ಕೇಳಿಸುತ್ತಲೇ ಇಲ್ಲ. ಕೇಳಿಸಿದವರಿಗೆ ಕನ್ನಡ ಬರದಿರಬಹುದು. ಬಾಗೇಪಲ್ಲಿ, ಚಿಂತಾಮಣಿ ಕಡೆ ಮನೆಮಾತು ತೆಲುಗು. ಕ್ವಾರಿ ಕೆಲಸಕ್ಕೆ ಹೊರ ರಾಜ್ಯಗಳಿಂದ ಬಂದವರ ಭಾಷೆ ಇನ್ನೂ ಬೇರೆ. ಸ್ಟಾರ್ಟ್ ಪದ್ಧತಿಯ ಮೊದಲ ಹೆಜ್ಜೆಯೂ ಕೊನೆಯ ಹೆಜ್ಜೆಯೂ ನಿಂತಿರುವುದು ಮಾತಿನ ಮೇಲೆ. ಮಾತು ತಲುಪದವನನ್ನು ಪ್ರಜ್ಞೆ ತಪ್ಪಿದವನೆಂದು ಬಗೆದು ಕೆಂಪು ಪಟ್ಟಿ ಕಟ್ಟಿದರೆ, ನಿಜವಾಗಿ ಕೆಂಪು ಬೇಕಾದವನಿಗೆ ಆಂಬುಲೆನ್ಸ್ ತಪ್ಪುತ್ತದೆ. ಆದ್ದರಿಂದ ಕೈ ಬೀಸಿ ಕರೆಯಬೇಕು, ಮುಖದ ಎದುರಿಗೆ ಹೋಗಿ ಮುಷ್ಟಿ ಮಡಿಸಿ ತೆರೆದು ತೋರಿಸಿ ಹಾಗೆಯೇ ಮಾಡುವಂತೆ ಸನ್ನೆ ಮಾಡಬೇಕು. ನೀವು ಪಾಠದಲ್ಲಿ ಎಷ್ಟು ಸಲ ಹೇಳಿದರೂ ಜಾರಿಹೋಗುವ ಈ ಸಂಗತಿ ಒಮ್ಮೆ ವಿಆರ್‌ನಲ್ಲಿ ಕೂಗಿ ಕೂಗಿ ಸೋತವರಿಗೆ ಮರೆಯುವುದಿಲ್ಲ.

ಇನ್ನೊಬ್ಬ ಗಾಯಾಳುವನ್ನು ಕಡ್ಡಾಯವಾಗಿ ಸೇರಿಸಿ: ಮೈಮೇಲೆ ಗೀರೂ ಇಲ್ಲ, ಎದ್ದು ನಡೆಯುತ್ತಾನೆ, ಹಸಿರು ಪಟ್ಟಿಯವರ ಜೊತೆ ಕುಳಿತು ನೀರು ಕೇಳುತ್ತಾನೆ. ಹತ್ತು ನಿಮಿಷದಲ್ಲಿ ಅವನ ಉಸಿರಾಟ ಏರುತ್ತ ಹೋಗುತ್ತದೆ. ಸ್ಫೋಟದ ಅಲೆ ಶ್ವಾಸಕೋಶವನ್ನು ಒಳಗಿನಿಂದ ಜಜ್ಜಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹಸಿರು ಗುಂಪಿನ ಬಳಿಗೆ ಮತ್ತೆ ಬಂದು ನೋಡಿದವರಿಗೆ ಮಾತ್ರ ಅವನು ಕೆಂಪಾಗಿದ್ದಾನೆ ಎಂದು ತಿಳಿಯುತ್ತದೆ. ಟ್ರಯಾಜ್ ಒಂದು ಸಲ ಮಾಡಿ ಮುಗಿಸುವ ಕೆಲಸವಲ್ಲ ಎಂಬುದು ಇವನಿಂದ ಮನಸ್ಸಿನಲ್ಲಿ ನಿಲ್ಲುತ್ತದೆ.

ಪ್ರಸಾದದ ವಿಷದಂಥ ದೃಶ್ಯಕ್ಕೂ ವಿಆರ್ ಚೆನ್ನಾಗಿ ಒಗ್ಗುತ್ತದೆ. ಕೀಟನಾಶಕ ಹೊಟ್ಟೆ ಸೇರಿದವರ ಜೊಲ್ಲು, ಬೆವರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ, ಇವನ್ನು ನಟಿಸಿ ತೋರಿಸಲು ಯಾವ ವಿದ್ಯಾರ್ಥಿಗೂ ಆಗುವುದಿಲ್ಲ. ಚಿತ್ರದಲ್ಲಿ ತೋರಿಸಬಹುದು. ಬರೀ ಹೊಟ್ಟೆ ಕೆಟ್ಟು ವಾಂತಿ ಮಾಡುತ್ತಿರುವವರ ನಡುವೆ ಇಂಥವರನ್ನು ಹೆಕ್ಕುವುದೇ ಅಲ್ಲಿನ ಪರೀಕ್ಷೆ.

ಪರದೇಶದ ತಂತ್ರಾಂಶಗಳಲ್ಲಿ ನನಗೆ ಸದಾ ಕಾಣುವ ಕೊರತೆ ಜನಜಂಗುಳಿಯದು. ಅಲ್ಲಿ ಪೊಲೀಸರು ಹಳದಿ ಪಟ್ಟಿ ಎಳೆದಿರುತ್ತಾರೆ, ಒಳಗೆ ಗಾಯಾಳುಗಳು ಮತ್ತು ನೀವು. ನಮ್ಮಲ್ಲಿ 108 ತಲುಪುವ ಹೊತ್ತಿಗೆ ಊರವರು ಅರ್ಧ ಜನರನ್ನು ಆಟೊದಲ್ಲೋ ಗೂಡ್ಸ್ ಗಾಡಿಯಲ್ಲೋ ಸಾಗಿಸಿಬಿಟ್ಟಿರುತ್ತಾರೆ. ಸುಲಭವಾಗಿ ಎತ್ತಬಹುದಾದವರು, ಅಂದರೆ ಕಡಿಮೆ ಪೆಟ್ಟಾದವರು, ಮೊದಲು ಆಸ್ಪತ್ರೆ ಸೇರಿ ಹಾಸಿಗೆ ಹಿಡಿಯುತ್ತಾರೆ. ಗಾಡಿಯಲ್ಲಿ ಸಿಕ್ಕಿಕೊಂಡವರು ಕೊನೆಗೆ ಬರುತ್ತಾರೆ. ಊರವರನ್ನು ಅಡ್ಡಿ ಎಂದು ಕಾಣುವುದು ತಪ್ಪು. ಅವರಿಲ್ಲದಿದ್ದರೆ ನಮ್ಮ ಹೆದ್ದಾರಿಗಳಲ್ಲಿ ಸಾವು ಇನ್ನೂ ಹೆಚ್ಚುತ್ತಿತ್ತು. ಗುಂಪಿನಿಂದ ಒಬ್ಬರನ್ನು ಬೆರಳು ಮಾಡಿ ಆರಿಸಿ ‘ಅಣ್ಣಾ, ಈ ಬಟ್ಟೆಯನ್ನು ಹೀಗೆ ಒತ್ತಿ ಹಿಡಿಯಿರಿ, ನಾನು ಹೇಳುವವರೆಗೆ ಬಿಡಬೇಡಿ’ ಎಂದು ಕೆಲಸ ಹಚ್ಚಲು ಬರಬೇಕು. ನೆರವಾದವರನ್ನು ಕಾನೂನಿನ ತೊಡಕಿನಿಂದ ಕಾಪಾಡುವ ಕಲಮು ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದೆ. ಅದನ್ನೂ ನಿಮ್ಮ ವಿದ್ಯಾರ್ಥಿಗಳು ಎರಡು ಮಾತಿನಲ್ಲಿ ಹೇಳಬಲ್ಲವರಾಗಿರಲಿ. ದೃಶ್ಯದಲ್ಲಿ ಮೊಬೈಲ್ ಎತ್ತಿ ಚಿತ್ರೀಕರಿಸುವವರು, ‘ನಮ್ಮಪ್ಪನನ್ನು ಮೊದಲು ನೋಡಿ’ ಎಂದು ಸೆರಗು ಹಿಡಿಯುವ ಮಗಳು, ಅಪ್ಪಣೆ ಮಾಡುವ ಊರ ಮುಖಂಡರು ಎಲ್ಲರೂ ಇರಲಿ. ಮಾತು ಕನ್ನಡ, ತೆಲುಗು, ಉರ್ದುವಿನಲ್ಲಿರಲಿ.

ಇಷ್ಟೆಲ್ಲ ಹೇಳಿದ ಮೇಲೆ ಅಣಕು ಕಾರ್ಯಾಚರಣೆ ಯಾಕೆ ಬೇಕು? ಕೈಗಳಿಗಾಗಿ ಬೇಕು. ಹೆಡ್‌ಸೆಟ್‌ನೊಳಗೆ ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಕಟ್ಟುವುದು ಎಂದರೆ ಗುಂಡಿ ಒತ್ತುವುದು, ಅಷ್ಟೇ. ನಿಜವಾದ ಟೂರ್ನಿಕೆಟ್ ಅನ್ನು ರಕ್ತ ನಿಲ್ಲುವವರೆಗೆ ತಿರುವಲು ಎಷ್ಟು ಬಲ ಬೇಕು, ಆಗ ಗಾಯಾಳು ನೋವಿಗೆ ಎಷ್ಟು ಚೀರುತ್ತಾನೆ, ಅದಕ್ಕೆ ಅಂಜಿ ಸಡಿಲ ಬಿಟ್ಟರೆ ಏನಾಗುತ್ತದೆ ಎಂಬುದು ಕಂಟ್ರೋಲರ್ ಹಿಡಿದ ಕೈಗೆ ತಿಳಿಯದು. ಕೈಯಿಂದ ಹಿಸುಕಿ ಉಸಿರು ಕೊಡುವ ಅಂಬು ಬ್ಯಾಗ್‌ನ ಮಾಸ್ಕ್ ಮುಖಕ್ಕೆ ಕೂತಿದೆಯೇ, ಒತ್ತಿದಾಗ ಎದೆ 5 ಸೆಂಟಿಮೀಟರ್ ಕೆಳಗೆ ಹೋಗುತ್ತಿದೆಯೇ, ನಾಡಿ ನಿಜಕ್ಕೂ ಸಿಕ್ಕಿತೇ ಇಲ್ಲವೇ ನಮ್ಮ ಬೆರಳಿನದೇ ಮಿಡಿತವೇ, ಇವೆಲ್ಲ ಬೊಂಬೆಯ ಮೇಲೂ ಮನುಷ್ಯನ ಮೇಲೂ ಕಲಿಯಬೇಕಾದವು. ಎಂಬತ್ತು ಕಿಲೊ ತೂಗುವವನನ್ನು ಹೆದ್ದಾರಿಯ ಹಳ್ಳದಿಂದ ಮೇಲೆತ್ತುವುದು ಹೇಗೆ ಎಂಬುದನ್ನು ನಾಲ್ವರು ಸೇರಿ ಎತ್ತಿಯೇ ತಿಳಿಯಬೇಕು. ಅಣಕು ಕಾರ್ಯಾಚರಣೆಯಲ್ಲಿ ಬೇರೆ ಇಲಾಖೆಗಳ ಕೊರತೆಯೂ ಬಯಲಾಗುತ್ತದೆ: ವಾಕಿಟಾಕಿ ಸಿಗ್ನಲ್ ಸಿಗದ ತಿರುವು, ಅಗ್ನಿಶಾಮಕ ವಾಹನ ನುಗ್ಗದ ಗೇಟು, ಜಿಲ್ಲಾ ಆಸ್ಪತ್ರೆಯಲ್ಲಿ ಕರೆ ಎತ್ತುವವರೇ ಇಲ್ಲದ ಹೊತ್ತು. ಯಾವ ತಂತ್ರಾಂಶಕ್ಕೂ ಇದು ಮೊದಲೇ ಗೊತ್ತಿರುವುದಿಲ್ಲ. ವಿಪತ್ತು ನಿರ್ವಹಣಾ ಕಾಯ್ದೆ 2005ರ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಯೇ ಆಗಿರುವುದರಿಂದ, ಅನುಮತಿಗೆ ನೇರವಾಗಿ ಅವರ ಕಚೇರಿಗೆ ಬರೆಯಿರಿ. ಇಲಾಖೆಯಿಂದ ಇಲಾಖೆಗೆ ಅಲೆಯುವುದು ತಪ್ಪುತ್ತದೆ.

ಎರಡನ್ನೂ ಬೆಸೆಯುವ ಒಂದು ದಾರಿಯಿದೆ, ಇದನ್ನು ನೀವು ಮಾಡಬೇಕೆಂದು ನನಗೆ ಬಹಳ ಆಸೆ. ಮುಂದಿನ ಅಣಕು ಕಾರ್ಯಾಚರಣೆಯನ್ನು 360 ಡಿಗ್ರಿ ಕ್ಯಾಮೆರಾದಲ್ಲಿ ಚಿತ್ರೀಕರಿಸಿ. ನಿಂತವರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಟ್ಟು, ಅಲುಗಾಡಿಸದೆ, ಗಾಯಾಳುಗಳನ್ನು ಅದರ ಹತ್ತಿರಕ್ಕೆ ಮಲಗಿಸಿ ತೆಗೆಯಬೇಕು. ಅದೇ ನಿಮ್ಮ ಮುಂದಿನ ಬ್ಯಾಚಿಗೆ ವಿಆರ್ ಪಾಠವಾಗುತ್ತದೆ: ನಿಮ್ಮದೇ ಊರು, ನಿಮ್ಮದೇ ಭಾಷೆ, ಅವರು ದಿನವೂ ನೋಡುವ ರಸ್ತೆ. ಇದರಲ್ಲಿ ಓಡಾಡಲು ಬರುವುದಿಲ್ಲ, ನಿಂತಲ್ಲೇ ಸುತ್ತ ನೋಡಬಹುದು ಅಷ್ಟೇ, ಏನನ್ನೂ ಮುಟ್ಟಲಾಗದು. ಆದರೂ ತಕ್ಕ ಜಾಗದಲ್ಲಿ ಚಿತ್ರ ನಿಲ್ಲಿಸಿ ‘ಈಗ ಯಾರ ಬಳಿಗೆ ಹೋಗುತ್ತೀರಿ, ಯಾಕೆ?’ ಎಂದು ಕೇಳಿದರೆ ಮೊದಲ ಮೆಟ್ಟಿಲಿಗೆ ಅದು ಸಾಕು. ದುಬಾರಿ ತಂತ್ರಾಂಶವನ್ನು ಆಮೇಲೆ ಕೊಳ್ಳಬಹುದು.

ಹೆಡ್‌ಸೆಟ್ ತೆಗೆದ ಮೇಲಿನ ಮಾತುಕತೆಯ ಬಗ್ಗೆ ಕಂಪನಿಯವರು ಏನೂ ಹೇಳಿರಲಿಕ್ಕಿಲ್ಲ. ಕಲಿಕೆಯ ಬಹುಪಾಲು ಆಗುವುದು ಅಲ್ಲಿ. ಹತ್ತು ನಿಮಿಷದ ದೃಶ್ಯಕ್ಕೆ ಇಪ್ಪತ್ತು ನಿಮಿಷದ ಚರ್ಚೆ ಎಂದು ಇಟ್ಟುಕೊಳ್ಳಿ. ಮೊದಲು ಹೇಗನ್ನಿಸಿತು ಎಂದು ಕೇಳಿ, ಎದೆಯ ಭಾರ ಇಳಿಯಲಿ. ಆಮೇಲೆ ಏನು ಕಂಡಿರಿ, ಏನನ್ನು ನಂಬಿ ಆ ಬಣ್ಣ ಕೊಟ್ಟಿರಿ ಎಂದು ಒಬ್ಬೊಬ್ಬ ಗಾಯಾಳುವಿನ ವಿಚಾರವಾಗಿ ಕೇಳಿ. ತಪ್ಪು ಬಣ್ಣ ಕೊಟ್ಟವರನ್ನು ಗದರಬೇಡಿ. ಯಾವ ಯೋಚನೆ ಅವರನ್ನು ಅಲ್ಲಿಗೆ ಒಯ್ದಿತು ಎಂದು ಹುಡುಕಿ. ಹೊಸಬರು ಸಾಮಾನ್ಯವಾಗಿ ಎಲ್ಲರಿಗೂ ಕೆಂಪು ಕಟ್ಟುತ್ತಾರೆ, ಅದೇ ಸುರಕ್ಷಿತ ಎಂದುಕೊಂಡು. ಸುರಕ್ಷಿತವಲ್ಲ. ಅಮೆರಿಕದ ಶಸ್ತ್ರಚಿಕಿತ್ಸಕ ಎರಿಕ್ ಫ್ರೈಕ್‌ಬರ್ಗ್ ಹಲವು ಬಾಂಬ್ ಸ್ಫೋಟಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬೇಡದವರಿಗೂ ತುರ್ತು ಎಂದು ಗುರುತು ಹಾಕಿದ ಪ್ರಮಾಣ ಹೆಚ್ಚಿದಷ್ಟೂ ತೀವ್ರವಾಗಿ ಗಾಯಗೊಂಡವರ ಸಾವೂ ಹೆಚ್ಚಿದ್ದು ಕಂಡಿತು. ಇದನ್ನು ವಿದ್ಯಾರ್ಥಿಗಳ ಮುಂದೆ ಇಡಿ.

ಈ ಚರ್ಚೆ ನಡೆಸಬಲ್ಲ ಒಬ್ಬ ಶಿಕ್ಷಕಿಯನ್ನು ತಯಾರು ಮಾಡಲು ಹಣ ಎತ್ತಿಡಿ. ಹೆಡ್‌ಸೆಟ್ ಎರಡೇ ಇದ್ದರೂ ನಡೆಯುತ್ತದೆ. ಒಬ್ಬರು ಒಳಗಿರುವಾಗ ಅವರಿಗೆ ಕಾಣುವುದನ್ನು ಟಿವಿಗೆ ಹಾಕಿ. ಉಳಿದವರು ಮಾತಾಡದೆ ನೋಡಿ ತಮ್ಮ ಬಣ್ಣಗಳನ್ನು ಬರೆದುಕೊಳ್ಳಲಿ. ಹಾಗೆ ಮಾಡಿದರೆ ಒಂದು ದೃಶ್ಯದಿಂದ ಇಡೀ ತರಗತಿ ಕಲಿಯುತ್ತದೆ. ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಿಸಿ, ಕಲಿತದ್ದು ಬಳಕೆಯಿಲ್ಲದೆ ಬೇಗ ಮಾಸುತ್ತದೆ.

ಕೆಲವರಿಗೆ ತಲೆ ಸುತ್ತಿ ವಾಕರಿಕೆ ಬರುತ್ತದೆ. ಕಣ್ಣು ನಡೆಯುತ್ತಿದ್ದೇನೆ ಎನ್ನುತ್ತದೆ, ಒಳಗಿವಿ ನಿಂತಿದ್ದೇನೆ ಎನ್ನುತ್ತದೆ. ಆ ತಕರಾರಿನ ಫಲ ಇದು. ಮೊದಲ ಸಲ ಕುರ್ಚಿಯಲ್ಲಿ ಕೂರಿಸಿ ಐದು ನಿಮಿಷ ಮಾತ್ರ ತೋರಿಸಿ. ತೇಲಿಕೊಂಡು ಹೋಗುವ ಬಗೆಯ ಚಲನೆಗಿಂತ ಒಂದು ಜಾಗದಿಂದ ಇನ್ನೊಂದಕ್ಕೆ ಒಮ್ಮೆಲೇ ಜಿಗಿಯುವ ಬಗೆ ಒಳ್ಳೆಯದು. ವಾಕರಿಕೆ ಶುರುವಾದ ಕೂಡಲೇ ನಿಲ್ಲಿಸಬೇಕು. ತಡೆದುಕೊಂಡರೆ ಅಭ್ಯಾಸವಾಗುತ್ತದೆ ಎಂದು ಮುಂದುವರಿಸಬೇಡಿ. ಮೂರ್ಛೆರೋಗ ಇರುವವರಿಗೆ ಬೇಡ. ಮುಗಿದ ತಕ್ಷಣ ಆಂಬುಲೆನ್ಸ್ ಪೈಲಟ್‌ಗಳನ್ನು ಗಾಡಿ ಓಡಿಸಲು ಬಿಡಬೇಡಿ. ನಿಂತು ಮಾಡಲು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಖಾಲಿ ಜಾಗ ಬೇಕು. ಮುಖಕ್ಕೆ ತಾಗುವ ಭಾಗವನ್ನು ಪ್ರತಿಯೊಬ್ಬರ ನಂತರ ಒರೆಸಿ.

ಮನಸ್ಸಿಗೆ ಆಗುವ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿಮ್ಮ ತರಗತಿಯಲ್ಲಿ ಅಣ್ಣನನ್ನೋ ತಂದೆಯನ್ನೋ ಇದೇ ಹೆದ್ದಾರಿಯಲ್ಲಿ ಕಳೆದುಕೊಂಡವರು ಇರಬಹುದು. ದೃಶ್ಯದಲ್ಲಿ ಏನಿದೆ ಎಂದು ಮೊದಲೇ ಹೇಳಿ. ಬೇಡ ಎನ್ನುವ ಹಕ್ಕು ಎಲ್ಲರಿಗೂ ಇರಲಿ, ಕಾರಣ ಕೇಳಬೇಡಿ, ಅಂಕ ಕಳೆಯಬೇಡಿ. ನಡೆದುಹೋದ ಅಪಘಾತವನ್ನು ಹಾಗೆಯೇ ಮರುಸೃಷ್ಟಿಸಬೇಡಿ. ಸತ್ತವರ ಮನೆಯವರು ನಿಮ್ಮ ನೆರೆಯವರೇ. ರಸ್ತೆ, ಮಂಜು, ಗಾಡಿಯ ಬಗೆ ಇವನ್ನು ತೆಗೆದುಕೊಂಡು ಕಥೆಯನ್ನು ಬೇರೆ ಮಾಡಿ. ಮೊದಲ ದೃಶ್ಯದಲ್ಲಿ ನಾಲ್ಕು ಗಾಯಾಳುಗಳಿರಲಿ, ರಕ್ತ ಕಡಿಮೆಯಿರಲಿ, ಮಕ್ಕಳು ಬೇಡ. ಮಕ್ಕಳ ಟ್ರಯಾಜ್‌ಗೆ ಪ್ರತ್ಯೇಕ ಪದ್ಧತಿಯೇ ಇದೆ. ಅದನ್ನು ಕಲಿತ ಮೇಲೆ ಆ ದೃಶ್ಯಕ್ಕೆ ಹೋಗಿ.

ಕೊಳ್ಳುವ ವಿಚಾರಕ್ಕೆ ಬಂದರೆ, ಹೆಡ್‌ಸೆಟ್‌ನ ಬೆಲೆಗಿಂತ ತಂತ್ರಾಂಶದ ವಾರ್ಷಿಕ ಪರವಾನಗಿಯ ಬೆಲೆ ಕೇಳಿ. ಎರಡನೆಯ ವರ್ಷ ಹಣ ಕಟ್ಟದಿದ್ದರೆ ಏನು ಉಳಿಯುತ್ತದೆ ಎಂದು ಕೇಳಿ. ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆಯೇ, ಕನ್ನಡದ ಧ್ವನಿ ನಾವೇ ಸೇರಿಸಬಹುದೇ, ಗಾಯಾಳುಗಳ ಸಂಖ್ಯೆ, ಗಾಯದ ಬಗೆ, ಹೊತ್ತು, ಮಂಜು ಇವನ್ನು ಶಿಕ್ಷಕರೇ ಬದಲಿಸಬಹುದೇ, ಒಬ್ಬೊಬ್ಬ ಗಾಯಾಳುವಿನ ಬಳಿ ಎಷ್ಟು ಸೆಕೆಂಡ್ ಕಳೆದರು ಎಂಬ ದಾಖಲೆ ನಮ್ಮ ಕೈಗೆ ಸಿಗುತ್ತದೆಯೇ? ಒಂದೇ ದೃಶ್ಯ, ಒಂದೇ ಜಾಗದಲ್ಲಿ ಅದೇ ಗಾಯಾಳುಗಳು ಎಂದಾದರೆ ಮೂರನೆಯ ಸಲಕ್ಕೆ ವಿದ್ಯಾರ್ಥಿಗಳು ಉತ್ತರವನ್ನು ಬಾಯಿಪಾಠ ಮಾಡಿರುತ್ತಾರೆ, ಅಂಥದ್ದನ್ನು ಕೊಳ್ಳಬೇಡಿ.

ಸಹಿ ಹಾಕುವ ಮುನ್ನ ಕಂಪನಿಯವರನ್ನು ಇನ್ನೊಮ್ಮೆ ಪ್ರದರ್ಶನಕ್ಕೆ ಕರೆಯಿರಿ. ಈ ಸಲ ಹೆಡ್‌ಸೆಟ್ ಅನ್ನು ಆಡಳಿತ ಮಂಡಳಿಯವರಿಗೆ ಕೊಡಬೇಡಿ. ಹೆದ್ದಾರಿಯಲ್ಲಿ ರಾತ್ರಿ ಪಾಳಿ ಮಾಡಿ ಅನುಭವವಿರುವ ಇಬ್ಬರು ಇಎಂಟಿಗಳಿಗೂ (ಆಂಬುಲೆನ್ಸ್‌ನ ತುರ್ತು ಚಿಕಿತ್ಸಾ ತಂತ್ರಜ್ಞರು) ನಿಮ್ಮ ಅಂತಿಮ ವರ್ಷದ ಮೂವರು ವಿದ್ಯಾರ್ಥಿಗಳಿಗೂ ಹಾಕಿಸಿ, ನೀವು ಟಿವಿಯ ಮುಂದೆ ಕಾಗದ ಹಿಡಿದು ಕುಳಿತುಕೊಳ್ಳಿ. ಇಎಂಟಿಗಳು ಜಾಗದಲ್ಲಿ ಸಹಜವಾಗಿ ಮಾಡುವ ಯಾವ ಕೆಲಸಕ್ಕೆ ತಂತ್ರಾಂಶ ಎಡೆ ಕೊಡಲಿಲ್ಲ ಎಂದು ಅವರಿಂದ ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಕಂಪನಿಗೆ ಕೊಟ್ಟು, ಅದರಲ್ಲಿ ಎಷ್ಟನ್ನು ಎಷ್ಟು ದಿನದಲ್ಲಿ ಸರಿಪಡಿಸುತ್ತೀರಿ ಎಂದು ಬರಹದಲ್ಲಿ ಪಡೆದ ಮೇಲೆ ಬೆಲೆಯ ಮಾತಿಗೆ ಕೂರಿ.